ಅಲನ್ ಟ್ಯೂರಿಂಗ್ ಮತ್ತು ಮಗು ಯಂತ್ರ

ಗಣಿತ ಬೋಧನಾ ವಿಧಾನದಲ್ಲಿ ಗಣಿತಜ್ಞರ ಪರಿಚಯಕ್ಕೆ ಪಾಠ ಯೋಜನೆ ಬರೆಯಿರಿ ಎಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಆರಿಸಿಕೊಳ್ಳುವ ಹೆಸರುಗಳು ಬಹುಮಟ್ಟಿಗೆ ಗೊತ್ತಿರುವವೇ. ರಾಮಾನುಜನ್, ಆರ್ಯಭಟ, ಭಾಸ್ಕರಾಚಾರ್ಯ, ಪೈಥಾಗೊರಸ್, ಯೂಕ್ಲಿಡ್. ಈ ಹೆಸರುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಭ್ಯಾಸ ಶಾಲೆಗಳಿಂದ ಮರಳಿದವರು ಹೇಳುವ ಪ್ರಕಾರ ಎಂಟು, ಒಂಬತ್ತನೇ ತರಗತಿಯ ಮಕ್ಕಳು ಈಗ ಕೇಳುವ ಪ್ರಶ್ನೆಗಳೇ ಬೇರೆ. ಮೊಬೈಲಿನಲ್ಲಿ ಮಾತಿಗೆ ಮಾತು ಕೊಡುವ ಯಂತ್ರಕ್ಕೆ ನಿಜವಾಗಿ ಅರ್ಥವಾಗುತ್ತದೆಯೇ? ಅದಕ್ಕೆ ಬೇಜಾರಾಗುತ್ತದೆಯೇ? ಬೇರೆ ಗ್ರಹದಲ್ಲಿ ಬುದ್ಧಿವಂತರು ಇದ್ದರೆ ಅವರ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕು? ಪಠ್ಯದ ಹೊರಗಿನ ಪ್ರಶ್ನೆ, ಆಮೇಲೆ ನೋಡೋಣ ಎಂದು ಬದಿಗೆ ಸರಿಸುವುದು ಸುಲಭ. ಹಾಗೆ ಸರಿಸುವ ಬದಲು ಒಬ್ಬರ ಬದುಕನ್ನು ಹೇಳಿ ಎಂದು ನಾನು ಸೂಚಿಸುತ್ತೇನೆ. ಆ ಬದುಕು ಟ್ಯೂರಿಂಗ್ ಅವರದು. ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಅವರು ಕೊನೆಗೆ ಬಂದು ನಿಂತದ್ದು ನಮ್ಮದೇ ವೃತ್ತಿಯ ಬಾಗಿಲಲ್ಲಿ.

ಅಲನ್ ಮ್ಯಾಥಿಸನ್ ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಆ ಮನೆಯ ಅನ್ನ ಹುಟ್ಟುತ್ತಿದ್ದದ್ದು ನಮ್ಮ ದಕ್ಷಿಣ ಭಾರತದಲ್ಲಿ. ತಂದೆ ಜೂಲಿಯಸ್ ಟ್ಯೂರಿಂಗ್ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ಸೇವೆಯ ಮೊದಲ ವರ್ಷಗಳಲ್ಲಿ ಅವರು ಓಡಾಡಿದ ಜಿಲ್ಲೆಗಳಲ್ಲಿ ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಒಂದು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಮಗ್ಗುಲಿನ ಪೋದನೂರಿನಲ್ಲಿ. ಆಕೆಯ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಭಾರತದ ಹವೆ ಬಿಳಿಯರ ಎಳೆಯ ಮಕ್ಕಳಿಗೆ ಒಗ್ಗದು ಎಂಬ ನಂಬಿಕೆ ಆಗ ಬಲವಾಗಿತ್ತು. ಹೀಗಾಗಿ ಅಲನ್ ಮತ್ತು ಅಣ್ಣ ಜಾನ್ ಇಬ್ಬರನ್ನೂ ಇಂಗ್ಲೆಂಡಿನ ಕಡಲ ದಂಡೆಯ ಊರಿನಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿ ಬಿಟ್ಟು ತಂದೆತಾಯಿ ಮದ್ರಾಸಿನ ಕಡೆಗೆ ಮರಳಿದರು. ಮಗುವಿಗೆ ಆಗ ಒಂದೂವರೆ ವರ್ಷವೂ ತುಂಬಿರಲಿಲ್ಲ. ಹೆತ್ತವರು ವರ್ಷಗಟ್ಟಲೆ ಸಮುದ್ರದಾಚೆ ಇರುವ ಮನೆಯಲ್ಲಿ ಮಗು ಬೆಳೆಯುವುದೆಂದರೆ ಏನೆಂದು ವಸತಿ ಶಾಲೆಗಳಲ್ಲಿ ಕೆಲಸ ಮಾಡಿದ ನಮ್ಮ ಶಿಕ್ಷಕರಿಗೆ ಬೇರೆ ಹೇಳಬೇಕಿಲ್ಲ.

ಓದುವುದನ್ನು ಅಲನ್ ಒಂದು ಪುಸ್ತಕ ಹಿಡಿದು ಸುಮಾರು ಮೂರು ವಾರಗಳಲ್ಲಿ ತಾನೇ ಕಲಿತುಕೊಂಡ. ಅಕ್ಷರಕ್ಕಿಂತ ಅಂಕಿಗಳ ಸೆಳೆತ ಹೆಚ್ಚು. ಬೀದಿಯಲ್ಲಿ ನಡೆಯುವಾಗ ಪ್ರತಿ ದೀಪದ ಕಂಬದ ಮುಂದೆಯೂ ನಿಂತು ಅದರ ಸಂಖ್ಯೆಯನ್ನು ನೋಡಬೇಕು, ಜೊತೆಗಿದ್ದವರಿಗೆ ಸಾಕುಸಾಕು. ಆದರೆ ಎಡ ಯಾವುದು, ಬಲ ಯಾವುದು ಎಂಬುದು ಮಾತ್ರ ಬಹಳ ಕಾಲ ತಲೆಗೆ ಹತ್ತಲಿಲ್ಲ. ಅದಕ್ಕೆ ಅವನೇ ಕಂಡುಕೊಂಡ ಉಪಾಯ ಎಡಗೈ ಹೆಬ್ಬೆರಳ ಮೇಲೊಂದು ಕೆಂಪು ಚುಕ್ಕೆ. ಚುಕ್ಕೆ ನೋಡಿದರೆ ಎಡ ತಿಳಿಯುತ್ತದೆ. ಮನಸ್ಸಿನಲ್ಲಿ ನಿಲ್ಲದ್ದನ್ನು ಒಂದು ಗುರುತಿಗೆ ಒಪ್ಪಿಸಿ ಮುಂದೆ ನಡೆಯುವ ಈ ಉಪಾಯ ಅವನ ಮುಂದಿನ ಗಣಿತದಲ್ಲೂ ಮತ್ತೆಮತ್ತೆ ಕಾಣುತ್ತದೆ.

ಹತ್ತನೇ ವಯಸ್ಸಿಗೆ ಕೈಗೆ ಬಂದ ಪುಸ್ತಕ ಎಡ್ವಿನ್ ಬ್ರೂಸ್ಟರ್ ಎಂಬ ಅಮೆರಿಕನ್ ಲೇಖಕ ಮಕ್ಕಳಿಗಾಗಿ ಪ್ರಕೃತಿಯ ಅಚ್ಚರಿಗಳ ಬಗ್ಗೆ ಬರೆದದ್ದು. ಮರಿ ಮೊಟ್ಟೆಯಲ್ಲಿ ಹೇಗೆ ರೂಪ ತಾಳುತ್ತದೆ, ದೇಹವೆಂಬುದು ಹೇಗೆ ಒಂದು ಯಂತ್ರದಂತೆ ಕೆಲಸ ಮಾಡುತ್ತದೆ ಎಂಬುದನ್ನು ಅದು ಮಕ್ಕಳಿಂದ ಏನನ್ನೂ ಮುಚ್ಚಿಡದೆ ಹೇಳುತ್ತಿತ್ತು. ವಿಜ್ಞಾನ ಎಂಬುದೊಂದು ಇದೆ ಎಂದು ತನ್ನ ಕಣ್ಣು ತೆರೆಸಿದ್ದು ಆ ಪುಸ್ತಕವೇ ಎಂದು ಟ್ಯೂರಿಂಗ್ ಮುಂದೆ ತಾಯಿಗೆ ಹೇಳಿದ್ದರು. ಶಾಲಾ ಗ್ರಂಥಾಲಯದ ಬೀರುವಿನ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಈ ಪುಸ್ತಕ ನೆನಪಾಗುತ್ತದೆ.

1926ರ ಮೇ ತಿಂಗಳಲ್ಲಿ ಶೆರ್ಬೋರ್ನ್ ಶಾಲೆಗೆ ಸೇರುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ. ರೈಲುಗಳಿಲ್ಲ. ಹದಿಮೂರು ವರ್ಷದ ಹುಡುಗ ಸೌತಾಂಪ್ಟನ್ ಬಂದರಿನಿಂದ ಸೈಕಲ್ ಹತ್ತಿ, ನಡುವೆ ಒಂದು ರಾತ್ರಿ ತಂಗಿ, ಸುಮಾರು 60 ಮೈಲಿ ತುಳಿದು ಶಾಲೆ ಮುಟ್ಟಿದ. ಇಷ್ಟು ಉತ್ಸಾಹದಿಂದ ಬಂದ ಹುಡುಗನಿಗೆ ಶಾಲೆ ಕೊಟ್ಟ ಪ್ರಗತಿ ಪತ್ರಗಳನ್ನು ಪ್ರಶಿಕ್ಷಣಾರ್ಥಿಗಳು ತಪ್ಪದೆ ತಿಳಿಯಬೇಕು. ಅಕ್ಷರ ಕೆಟ್ಟದ್ದು, ಪುಸ್ತಕ ಕೊಳಕು, ಇಂಗ್ಲಿಷಿನಲ್ಲಿ ಕೊನೆಯ ಸಾಲು. ಬರೀ ವಿಜ್ಞಾನಿಯೇ ಆಗಬೇಕೆಂದಿದ್ದರೆ ಇಂಥ ಶಾಲೆಯಲ್ಲಿ ಅವನ ಕಾಲ ವ್ಯರ್ಥ ಎಂಬರ್ಥದ ಮಾತನ್ನು ಮುಖ್ಯೋಪಾಧ್ಯಾಯರೇ ಮನೆಯವರಿಗೆ ಬರೆದರು. ಅದೇ ಶಾಲೆಯಲ್ಲಿ, ಕಲನಶಾಸ್ತ್ರವನ್ನು ಇನ್ನೂ ಯಾರೂ ಕಲಿಸದಿದ್ದಾಗ, ಹುಡುಗ ಟ್ಯಾಂಜೆಂಟಿನ ವಿಲೋಮಕ್ಕೆ ಅನಂತ ಶ್ರೇಣಿಯನ್ನು ತಾನೇ ಕಂಡುಹಿಡಿದು ಗಣಿತದ ಮೇಷ್ಟರಿಗೆ ತೋರಿಸಿದ್ದ. ಕೇರಳದ ಮಾಧವ ಶತಮಾನಗಳ ಹಿಂದೆಯೇ ಕಂಡ ಶ್ರೇಣಿ ಅದು; ತರಗತಿಯಲ್ಲಿ ಎರಡನ್ನೂ ಒಟ್ಟಿಗೆ ಹೇಳಬಹುದು. ಆ ಪ್ರಗತಿ ಪತ್ರ ಬರೆದವರು ದಡ್ಡರೇನಲ್ಲ, ಕೆಟ್ಟವರೂ ಅಲ್ಲ. ತಮ್ಮ ಮುಂದಿದ್ದ ನೋಟ್‌ಬುಕ್ಕನ್ನು ಸರಿಯಾಗಿಯೇ ನೋಡಿದ್ದರು. ನೋಟ್‌ಬುಕ್ಕಿನ ಹಿಂದಿರುವ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಹೊರಗಿನಿಂದ ತಿಳಿಯುವ ದಾರಿ ಅವರಿಗೆ ಇರಲಿಲ್ಲ.

ಶಾಲೆಯಲ್ಲಿ ಅವನಿಗೆ ಸಿಕ್ಕ ಒಬ್ಬನೇ ಆಪ್ತ ಕ್ರಿಸ್ಟೋಫರ್ ಮಾರ್ಕಮ್. ಒಂದು ವರ್ಷ ಹಿರಿಯ, ಅಚ್ಚುಕಟ್ಟು, ಗಣಿತ ಮತ್ತು ಖಗೋಳದಲ್ಲಿ ಚುರುಕು. ಅವನ ಗೆಳೆತನದಿಂದ ಅಲನ್ ತನ್ನ ಕೆಲಸವನ್ನು ಬೇರೆಯವರಿಗೆ ತಿಳಿಯುವಂತೆ ಬರೆಯಬೇಕು ಎಂಬುದನ್ನು ಕಲಿತ. ಮೇಷ್ಟರು ಹೇಳಿ ಸೋತದ್ದನ್ನು ಗೆಳೆಯ ಹೇಳದೆಯೇ ಮಾಡಿಸಿದ. 1930ರ ಫೆಬ್ರವರಿ 13ರಂದು ಕ್ರಿಸ್ಟೋಫರ್ ತೀರಿಕೊಂಡ. ಚಿಕ್ಕಂದಿನಲ್ಲಿ ಸೋಂಕಿದ ಹಾಲಿನಿಂದ ಬಂದ ಕ್ಷಯದ ಪರಿಣಾಮ. ಹದಿನೇಳು ವರ್ಷದ ಅಲನ್ ಗೆಳೆಯನ ತಾಯಿಗೆ ಪತ್ರ ಬರೆಯತೊಡಗಿದ. ಮುಂದಿನ ವರ್ಷಗಳಲ್ಲಿ ಆಕೆಗಾಗಿಯೇ ಆತ್ಮದ ಸ್ವರೂಪದ ಬಗ್ಗೆ ಒಂದು ಚಿಕ್ಕ ಬರಹವನ್ನೂ ಬರೆದ. ದೇಹ ಇರುವವರೆಗೆ ಅದು ಚೇತನವನ್ನು ಹಿಡಿದಿಟ್ಟುಕೊಂಡಿರುತ್ತದೆ, ದೇಹ ಸತ್ತಾಗ ಆ ಹಿಡಿತ ಬಿಡುತ್ತದೆ, ಚೇತನ ಬೇಗನೆಯೋ ತಡವಾಗಿಯೋ ಬೇರೊಂದು ದೇಹ ಕಂಡುಕೊಳ್ಳಬಹುದು ಎಂಬ ಧಾಟಿ ಅದರದು. ನಮ್ಮ ಅಜ್ಜಿಯಂದಿರಿಗೆ ಇದರಲ್ಲಿ ಹೊಸದೇನೂ ಕಾಣದು. ಮುಂದೆ ಟ್ಯೂರಿಂಗ್ ಈ ನಂಬಿಕೆಯಿಂದ ದೂರ ಸರಿದರು. ಆದರೆ ಯಂತ್ರದಲ್ಲಿ ಮನಸ್ಸು ನೆಲೆಸಬಹುದೇ ಎಂಬ ಅವರ ಜೀವಮಾನದ ಪ್ರಶ್ನೆ ತರ್ಕದಿಂದ ಮಾತ್ರ ಹುಟ್ಟಿದ್ದಲ್ಲ, ಆ ಸಾವಿನ ಮುಂದೆ ನಿಂತ ಹುಡುಗನಿಂದಲೂ ಹುಟ್ಟಿತು ಎಂದೇ ನಾನು ಓದಿಕೊಳ್ಳುತ್ತೇನೆ.

1931ರಲ್ಲಿ ಟ್ಯೂರಿಂಗ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದರು. 22ನೇ ವಯಸ್ಸಿಗೇ ಅಲ್ಲಿನ ಫೆಲೋ ಆದರು. 1935ರಲ್ಲಿ ಮ್ಯಾಕ್ಸ್ ನ್ಯೂಮನ್ ಅವರ ಉಪನ್ಯಾಸಗಳಲ್ಲಿ ಹಿಲ್ಬರ್ಟ್ ಎತ್ತಿದ್ದ ಒಂದು ಪ್ರಶ್ನೆ ಕಿವಿಗೆ ಬಿತ್ತು. ಯಾವುದೇ ಗಣಿತದ ಹೇಳಿಕೆಯನ್ನು ಕೊಟ್ಟರೂ ಅದನ್ನು ಸಾಧಿಸಬಹುದೇ ಇಲ್ಲವೇ ಎಂದು ಹಂತಹಂತವಾಗಿ, ಯಾಂತ್ರಿಕವಾಗಿ ತೀರ್ಮಾನಿಸುವ ಒಂದು ವಿಧಾನ ಇದೆಯೇ ಎಂಬುದು ಆ ಪ್ರಶ್ನೆ. ಉತ್ತರ ಹೇಳಬೇಕಾದರೆ ಮೊದಲು ಯಾಂತ್ರಿಕವಾಗಿ ಎಂದರೇನು ಎಂದು ಖಚಿತವಾಗಬೇಕಲ್ಲ? ಗ್ರ್ಯಾಂಚೆಸ್ಟರಿನ ಹುಲ್ಲುಗಾವಲಿನಲ್ಲಿ ಮಲಗಿ ಅವರು ಅದನ್ನೇ ಯೋಚಿಸಿದರು.

ಅವರು ಹೋದ ದಾರಿಯನ್ನು ಗಣಿತ ಶಿಕ್ಷಕರು ನೇರವಾಗಿ ತರಗತಿಗೆ ತರಬಹುದು. ಲೆಕ್ಕ ಮಾಡುವ ಒಬ್ಬ ಮನುಷ್ಯನನ್ನು ಗಮನಿಸಿ. ಮಕ್ಕಳ ಲೆಕ್ಕದ ಪುಸ್ತಕದ ಹಾಗೆ ಚೌಕಗಳಿರುವ ಹಾಳೆ. ಒಂದು ಚೌಕದಲ್ಲಿ ಒಂದು ಅಂಕಿ. ಅವನು ಒಂದು ಚೌಕ ನೋಡುತ್ತಾನೆ, ಈಗ ತಾನು ಲೆಕ್ಕದ ಯಾವ ಹಂತದಲ್ಲಿದ್ದೇನೆ ಎಂದು ನೆನಪಿಟ್ಟಿರುತ್ತಾನೆ, ಅಂಕಿ ಬರೆಯುತ್ತಾನೆ ಅಥವಾ ಅಳಿಸುತ್ತಾನೆ, ಪಕ್ಕದ ಚೌಕಕ್ಕೆ ಹೋಗುತ್ತಾನೆ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕವನ್ನು ಮೂರನೇ ತರಗತಿಗೆ ಕಲಿಸಿದವರಿಗೆಲ್ಲ ಇದು ಗೊತ್ತು. ಹಾಳೆಯನ್ನು ಉದ್ದನೆಯ ಪಟ್ಟಿಯಾಗಿಸಿ, ಮನುಷ್ಯನನ್ನು ತೆಗೆದು ಅವನ ನಿಯಮಗಳ ಪಟ್ಟಿಯನ್ನಷ್ಟೇ ಇಟ್ಟರೆ ಅದೇ ಟ್ಯೂರಿಂಗ್ ಯಂತ್ರ. ನಿಯಮಗಳ ಪಟ್ಟಿಯನ್ನೂ ಅದೇ ಪಟ್ಟಿಯ ಮೇಲೆ ಸಂಕೇತಗಳಲ್ಲಿ ಬರೆದು ಕೊಟ್ಟರೆ ಒಂದೇ ಯಂತ್ರ ಉಳಿದೆಲ್ಲ ಯಂತ್ರಗಳ ಕೆಲಸವನ್ನೂ ಮಾಡಬಲ್ಲದು. ಇಂದಿನ ಪ್ರತಿ ಕಂಪ್ಯೂಟರಿನ ಮೂಲ ಇದು. ಆಗ ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ನೌಕರ ಎಂದೇ ಅರ್ಥವಿತ್ತು ಎಂಬುದನ್ನು ಮಕ್ಕಳಿಗೆ ಹೇಳಿ, ಖುಷಿಪಡುತ್ತಾರೆ. ಹಿಲ್ಬರ್ಟ್ ಪ್ರಶ್ನೆಗೆ ಟ್ಯೂರಿಂಗ್ ಕೊಟ್ಟ ಉತ್ತರ ಇಲ್ಲ ಎಂಬುದು. ಅಂಥ ವಿಧಾನ ಇರಲಾರದು. ಅಮೆರಿಕದ ಅಲೊಂಜೊ ಚರ್ಚ್ ಬೇರೆ ದಾರಿಯಲ್ಲಿ ಅದೇ ಉತ್ತರಕ್ಕೆ ಸ್ವಲ್ಪ ಮೊದಲೇ ಬಂದಿದ್ದರು. ಟ್ಯೂರಿಂಗ್ ಪ್ರಿನ್ಸ್ಟನ್ನಿಗೆ ಹೋಗಿ 1938ರಲ್ಲಿ ಅವರ ಬಳಿಯೇ ಡಾಕ್ಟರೇಟ್ ಪಡೆದು ಊರಿಗೆ ಮರಳಿದರು.

ಯುದ್ಧದ ಕತೆ ಸಿನಿಮಾಗಳಿಂದ ಎಲ್ಲರಿಗೂ ತಿಳಿದಿದೆ, ಹಾಗಾಗಿ ಉದ್ದ ಮಾಡುವುದಿಲ್ಲ. 1939ರ ಸೆಪ್ಟೆಂಬರಿನಲ್ಲಿ ಅವರು ಬ್ಲೆಚ್ಲಿ ಪಾರ್ಕಿನ ಗೂಢಲಿಪಿ ಕೇಂದ್ರಕ್ಕೆ ಬಂದರು. ಜರ್ಮನ್ನರ ಎನಿಗ್ಮಾ ಯಂತ್ರದ ಗುಟ್ಟನ್ನು ಮೊದಲು ಬಿಡಿಸಿದವರು ಪೋಲೆಂಡಿನ ಗಣಿತಜ್ಞರು. ಸಿನಿಮಾಗಳು ಇದನ್ನು ಹೇಳಲು ಮರೆಯುತ್ತವೆ. ಟ್ಯೂರಿಂಗ್ ರೂಪಿಸಿ ಗಾರ್ಡನ್ ವೆಲ್ಚ್‌ಮನ್ ಸುಧಾರಿಸಿದ ಬಾಂಬ್ ಎಂಬ ಯಂತ್ರ ಕೋಟಿಗಟ್ಟಲೆ ಸಾಧ್ಯತೆಗಳನ್ನು ಜರಡಿ ಹಿಡಿಯಿತು. ಅದಕ್ಕೆ ಆಧಾರವಾದದ್ದು ಎರಡು ಸಣ್ಣ ಸಂಗತಿ. ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನೇ ಆಗಿ ಹೊರಬರುವುದಿಲ್ಲ ಎಂಬುದು ಒಂದು. ಕಳಿಸುವವರು ಹವಾಮಾನ ವರದಿಯಂಥ ಸಂದೇಶಗಳಲ್ಲಿ ಅದದೇ ಪದಗಳನ್ನು ದಿನಾ ಬಳಸುತ್ತಾರೆ ಎಂಬುದು ಇನ್ನೊಂದು. ಅಂದರೆ ಮುಖ ಕಾಣದ, ದನಿ ಕೇಳದ, ತನ್ನ ಮಾತು ನಮಗೆ ತಿಳಿಯಬಾರದೆಂದೇ ಬಯಸುವ ಒಂದು ಮನಸ್ಸಿನ ಅಭ್ಯಾಸಗಳನ್ನು ಬರೀ ಅಕ್ಷರಗಳ ಸಾಲಿನಿಂದ ಹೆಕ್ಕುವ ಕೆಲಸ ಅದು. ಅನ್ಯಗ್ರಹದವರ ಸಂಕೇತ ಬಂದರೆ ಹೇಗೆ ಓದುವುದು ಎಂದು ಮಕ್ಕಳು ಕೇಳಿದಾಗ ನಾನು ಬ್ಲೆಚ್ಲಿಯಿಂದಲೇ ಶುರು ಮಾಡುತ್ತೇನೆ. ಅಲ್ಲಿನ ಅನುಕೂಲವೆಂದರೆ ಕಳಿಸುವವರೂ ಮನುಷ್ಯರೇ, ಅವರಿಗೂ ಮಳೆ ಗಾಳಿಗಳ ಚಿಂತೆ ಇತ್ತು.

ಯುದ್ಧ ಮುಗಿದ ಮೇಲೆ ಟ್ಯೂರಿಂಗ್ ಲಂಡನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿ ಎಸಿಇ ಎಂಬ ಕಂಪ್ಯೂಟರಿನ ವಿನ್ಯಾಸ ಮಾಡಿದರು. ಕಟ್ಟುವ ಕೆಲಸ ಆಮೆಗತಿಯಲ್ಲಿ ಸಾಗಿತು. 1948ರಲ್ಲಿ ಬುದ್ಧಿವಂತ ಯಂತ್ರಗಳ ಬಗ್ಗೆ ಒಂದು ವರದಿ ಬರೆದರು. ಅದರಲ್ಲಿ ಅವರು ಹುಟ್ಟಿದ ಮಗುವಿನ ಮೆದುಳನ್ನು ಇನ್ನೂ ವ್ಯವಸ್ಥೆಗೊಳ್ಳದ ಯಂತ್ರಕ್ಕೆ ಹೋಲಿಸಿದರು. ಶಿಕ್ಷಣವೇ ಅದಕ್ಕೆ ವ್ಯವಸ್ಥೆ ಕೊಡುವುದು ಎಂದರು. ಸಂಸ್ಥೆಯ ನಿರ್ದೇಶಕರಿಗೆ ಅದು ಶಾಲಾ ಹುಡುಗನ ಪ್ರಬಂಧದಂತೆ ಕಂಡಿತು. ಮತ್ತೆ ಅದೇ ಪ್ರಗತಿ ಪತ್ರ, ನೋಡಿ. ವರದಿ ಪ್ರಕಟವಾದದ್ದು ಟ್ಯೂರಿಂಗ್ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

ಅದೇ ವರ್ಷ ಅವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದರು. 1949ರಲ್ಲಿ ಅಲ್ಲಿನ ಹೆಸರಾಂತ ನರಶಸ್ತ್ರಚಿಕಿತ್ಸಕ ಜೆಫ್ರಿ ಜೆಫರ್ಸನ್ ಒಂದು ಉಪನ್ಯಾಸದಲ್ಲಿ ಯಂತ್ರಕ್ಕೆ ಮನಸ್ಸು ಇದೆ ಎಂದು ತಾವು ಯಾವಾಗ ಒಪ್ಪುವುದು ಎಂದು ಷರತ್ತು ಹಾಕಿದರು. ಯಂತ್ರ ಕವಿತೆ ಬರೆದರೆ ಸಾಲದು. ಭಾವ ಉಕ್ಕಿ ಬರೆದಿರಬೇಕು, ತಾನು ಬರೆದೆ ಎಂದು ಅದಕ್ಕೆ ತಿಳಿದಿರಬೇಕು. ಗೆದ್ದಾಗ ಹಿಗ್ಗಬೇಕು, ಸೋತಾಗ ಕುಗ್ಗಬೇಕು. ಯಂತ್ರಪ್ರಜ್ಞೆಯ ಬಗ್ಗೆ ಇವತ್ತಿಗೂ ಎಲ್ಲರೂ ಎತ್ತುವ ಆಕ್ಷೇಪ ಇದೇ. ಎಂಟನೇ ತರಗತಿಯ ಹುಡುಗಿ ಅದಕ್ಕೆ ಬೇಜಾರಾಗುತ್ತದೆಯೇ ಎಂದು ಕೇಳಿದ್ದೂ ಇದನ್ನೇ.

ಟ್ಯೂರಿಂಗ್ ಉತ್ತರ 1950ರ ಅಕ್ಟೋಬರಿನಲ್ಲಿ ಮೈಂಡ್ ಎಂಬ ತತ್ವಶಾಸ್ತ್ರದ ಪತ್ರಿಕೆಯಲ್ಲಿ ಬಂತು. ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯನ್ನು ಅವರು ಒಂದು ಆಟವಾಗಿ ಬದಲಿಸಿದರು. ಬೇರೆ ಕೋಣೆಯಲ್ಲಿ ಕುಳಿತ ಪರೀಕ್ಷಕ, ಟೈಪ್ ಮಾಡಿದ ಅಕ್ಷರಗಳ ಮೂಲಕ ಮಾತ್ರ ಮಾತು. ಆ ಕಡೆ ಇರುವುದು ಮನುಷ್ಯನೋ ಯಂತ್ರವೋ ಎಂದು ಹೇಳಬೇಕು. ಸುಮಾರು ಐವತ್ತು ವರ್ಷಗಳಲ್ಲಿ ಐದು ನಿಮಿಷ ಪ್ರಶ್ನಿಸಿದ ಸಾಮಾನ್ಯ ಪರೀಕ್ಷಕ ಸರಿಯಾಗಿ ಗುರುತಿಸುವ ಸಂಭವ ನೂರಕ್ಕೆ 70ಕ್ಕಿಂತ ಹೆಚ್ಚಿರದು ಎಂದು ಅವರ ಅಂದಾಜು. ಗಮನಿಸಿ, ನಮ್ಮ ವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಯೂ ಇದೇ ಬಗೆಯದು. ಮುಖವಿಲ್ಲದ ಮಗು, ಕೋಡ್ ನಂಬರು, ಅಕ್ಷರಗಳು ಮಾತ್ರ.

ಪ್ರಜ್ಞೆಯ ಆಕ್ಷೇಪಕ್ಕೆ ಅವರು ಕೊಟ್ಟ ಸಮಾಧಾನ ನನಗೆ ಇಡೀ ಲೇಖನದ ಅತ್ಯುತ್ತಮ ಭಾಗ. ಒಳಗೆ ಅನುಭವ ಇದೆ ಎಂದು ಖಚಿತವಾಗಿ ತಿಳಿಯಲು ಆ ಯಂತ್ರವೇ ನಾವಾಗಬೇಕು ಎನ್ನುವುದಾದರೆ, ಪಕ್ಕದ ಮನುಷ್ಯನಿಗೆ ಮನಸ್ಸಿದೆ ಎಂದು ತಿಳಿಯಲೂ ನಾವು ಅವನೇ ಆಗಬೇಕು. ಅದು ಸಾಧ್ಯವಿಲ್ಲ. ಆದ್ದರಿಂದ ಎಲ್ಲರೂ ಯೋಚಿಸುತ್ತಾರೆ ಎಂಬ ಮರ್ಯಾದೆಯ ಒಪ್ಪಂದವೊಂದನ್ನು ಮಾಡಿಕೊಂಡು ನಾವು ಬದುಕುತ್ತಿದ್ದೇವೆ. ಆಮೇಲೆ ಅವರು ಉದಾಹರಣೆಗೆ ಎತ್ತಿಕೊಳ್ಳುವುದು ಮೌಖಿಕ ಪರೀಕ್ಷೆಯನ್ನು. ಕವಿತೆ ಬರೆದ ಯಂತ್ರವನ್ನು ಎದುರಿಗೆ ಕೂರಿಸಿ, ಈ ಸಾಲಿನಲ್ಲಿ ಆ ಪದದ ಬದಲು ಈ ಪದ ಹಾಕಿದ್ದರೆ ಏನಾಗುತ್ತಿತ್ತು ಎಂದು ಕೇಳಿ. ಛಂದಸ್ಸು ಕೆಡುತ್ತದೆ ಎನ್ನುತ್ತದೆ. ಛಂದಸ್ಸು ಹೊಂದುವ ಇನ್ನೊಂದು ಪದ ಕೊಡಿ. ಅರ್ಥ ಒಗ್ಗುವುದಿಲ್ಲ, ಯಾರೂ ಹಾಗೆ ಹೋಲಿಸಿಕೊಳ್ಳಲು ಇಷ್ಟಪಡುವುದಿಲ್ಲ ಎನ್ನುತ್ತದೆ. ಹೀಗೆ ಮುಂದುವರಿದು ಅದು ತಡವರಿಸದೆ ಉತ್ತರಿಸಿದರೆ ಅದನ್ನು ಗಿಳಿಪಾಠ ಎನ್ನಲು ನಾಲಿಗೆ ಏಳುವುದೇ? ಒಬ್ಬ ವಿದ್ಯಾರ್ಥಿ ನಿಜವಾಗಿ ತಿಳಿದಿದ್ದಾನೋ ಉರು ಹೊಡೆದಿದ್ದಾನೋ ಎಂದು ಕಂಡುಕೊಳ್ಳಲು ನಮಗಿರುವ ಸಾಧನವೂ ಅದೊಂದೇ.

ಹೋದ ವರ್ಷ ಒಂದು ಅಭ್ಯಾಸ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿ ಸಮಾಂತರ ಚತುರ್ಭುಜದ ಗುಣಗಳನ್ನು ಹೇಳಿ ಮುಗಿಸಿ, ಅರ್ಥವಾಯಿತೇ ಎಂದಳು. ಇಡೀ ತರಗತಿ ಒಂದೇ ರಾಗದಲ್ಲಿ ಆಯ್ತು ಮಿಸ್ ಎಂದಿತು. ಅವಳು ಅಷ್ಟಕ್ಕೆ ಬಿಡಲಿಲ್ಲ. ಬೋರ್ಡಿನ ಮೇಲಿದ್ದ ಆಕೃತಿಯ ಒಂದು ಮೂಲೆಯನ್ನು ಅಳಿಸಿ ಸ್ವಲ್ಪ ಸರಿಸಿ ಬರೆದು, ಈಗ ಇವುಗಳಲ್ಲಿ ಯಾವ ಗುಣ ಉಳಿಯಿತು, ಯಾವುದು ಹೋಯಿತು ಎಂದಳು. ರಾಗ ನಿಂತಿತು. ಮೂರು ಕೈಗಳು ಮೇಲೆದ್ದವು, ಅದರಲ್ಲೊಂದು ಅದುವರೆಗೆ ಬಾಯಿ ಬಿಡದ ಹುಡುಗನದು. ವೀಕ್ಷಣಾ ಪುಸ್ತಕದಲ್ಲಿ ಪ್ರಶ್ನಿಸುವ ಕೌಶಲದ ಎದುರು ನಾನು ಪೂರ್ಣ ಅಂಕ ಹಾಕಿದೆ. ಟ್ಯೂರಿಂಗ್ ಹೇಳಿದ ಮೌಖಿಕ ಪರೀಕ್ಷೆ ಎಂದರೆ ಇದೇ, ಪದ ಬದಲಿಸಿ ಕೇಳುವುದು.

ಇದರಿಂದ ಪ್ರಜ್ಞೆಯ ಒಗಟು ಬಿಡಿಸಿದಂತಾಯಿತೇ? ಇಲ್ಲ, ಟ್ಯೂರಿಂಗ್ ಹಾಗೆ ಹೇಳಿಕೊಳ್ಳಲೂ ಇಲ್ಲ. ಪ್ರಜ್ಞೆಯಲ್ಲಿ ರಹಸ್ಯ ಇದೆ ಎಂದು ಒಪ್ಪಿಯೇ, ಆ ರಹಸ್ಯ ಬಯಲಾಗುವವರೆಗೆ ನಮ್ಮ ಪ್ರಶ್ನೆ ಕಾಯಬೇಕಿಲ್ಲ ಎಂದರು. 1980ರಲ್ಲಿ ಜಾನ್ ಸರ್ಲ್ ಎಂಬ ಅಮೆರಿಕದ ತತ್ವಜ್ಞಾನಿ ಎದುರು ವಾದ ಹೂಡಿದರು. ಚೀನೀ ಭಾಷೆ ಬಾರದವನೊಬ್ಬ ಕೋಣೆಯೊಳಗೆ ಕುಳಿತು ನಿಯಮಗಳ ಪುಸ್ತಕ ನೋಡಿಕೊಂಡು ಚೀನೀ ಪ್ರಶ್ನೆಗಳಿಗೆ ಸರಿಯಾದ ಚೀನೀ ಅಕ್ಷರಗಳನ್ನು ಹೊರಗೆ ಕಳಿಸುತ್ತಿದ್ದರೆ ಅವನಿಗೆ ಚೀನೀ ಬರುತ್ತದೆ ಎನ್ನಲಾದೀತೇ ಎಂದು. ಸೂತ್ರ ಹಾಕಿ ಉತ್ತರ ತೆಗೆದು, ಏಕೆ ಎಂದರೆ ಮುಖ ನೋಡುವ ಮಕ್ಕಳನ್ನು ಕಂಡವರು ಸರ್ಲ್ ಪಕ್ಷಕ್ಕೆ ವಾಲುವುದು ಸಹಜ. ಈ ವಾದ ಇನ್ನೂ ಮುಗಿದಿಲ್ಲ. ತರಗತಿಯಲ್ಲಿ ಎರಡು ಗುಂಪು ಮಾಡಿ ಚರ್ಚೆಗೆ ಬಿಡಲು ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚದು. ಶಿಕ್ಷಕರು ತೀರ್ಪು ಕೊಡದಿದ್ದರೆ ಒಳ್ಳೆಯದು.

ಲೇಖನದ ಕೊನೆಯ ಭಾಗವನ್ನು ಯಾವ ಬಿ.ಎಡ್. ಪಠ್ಯದಲ್ಲೂ ನಾನು ಕಂಡಿಲ್ಲ, ಇರಬೇಕಾಗಿತ್ತು. ದೊಡ್ಡವರ ಮನಸ್ಸನ್ನು ಅನುಕರಿಸುವ ಯಂತ್ರ ಕಟ್ಟಲು ಹೊರಡುವುದೇಕೆ, ಮಗುವಿನ ಮನಸ್ಸಿನಂಥ ಯಂತ್ರ ಕಟ್ಟಿ ಅದಕ್ಕೆ ಶಿಕ್ಷಣ ಕೊಡಬಾರದೇಕೆ ಎಂದು ಟ್ಯೂರಿಂಗ್ ಕೇಳಿದರು. ಹುಟ್ಟಿನಿಂದ ಬಂದದ್ದು, ಕಲಿಸಿದ್ದು, ಕಲಿಸದೆಯೂ ಅನುಭವದಿಂದ ಬಂದದ್ದು ಎಂದು ಮನಸ್ಸನ್ನು ಮೂರಾಗಿ ಬಿಡಿಸಿದರು. ಬಹುಮಾನ ಮತ್ತು ದಂಡನೆಯಿಂದ ಯಂತ್ರಕ್ಕೆ ಕಲಿಸುವ ಬಗೆ ಹೇಳಿದರು. ನಮ್ಮ ಮನೋವಿಜ್ಞಾನದ ಪತ್ರಿಕೆಯಲ್ಲಿ ಪುನರ್ಬಲನ ಎಂದು ಓದುವುದು ಇದನ್ನೇ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಬಹುಮಾನ ದಂಡನೆಗಳ ಮೂಲಕ ಮಾತ್ರ ಕಲಿಸಹೊರಟರೆ ಕಲಿಕೆ ಅತಿ ನಿಧಾನ, ಮಗುವಿಗೂ ನೋವು. ಭಾವಾವೇಶವಿಲ್ಲದ ಬೇರೆ ಸಂವಹನ ಮಾರ್ಗಗಳೂ ಬೇಕು ಎಂದರು. ಸ್ವತಃ ಅಂಥ ಒಂದು ಮಗು ಯಂತ್ರದ ಮೇಲೆ ಪ್ರಯೋಗ ಮಾಡಿ, ಕಲಿಸಿದ ವಿಧಾನ ತೀರಾ ವಿಚಿತ್ರವಾದ್ದರಿಂದ ಯಶಸ್ಸು ಎನ್ನಲಾಗದು ಎಂದು ಬರೆದರು. ಶಿಕ್ಷಕನಿಗೆ ತನ್ನ ವಿದ್ಯಾರ್ಥಿಯ ಒಳಗೆ ಏನು ನಡೆಯುತ್ತಿದೆ ಎಂಬುದು ಬಹುಪಾಲು ತಿಳಿದಿರುವುದಿಲ್ಲ, ಆದರೂ ಅವನು ಮುಂದೇನು ಮಾಡಬಹುದೆಂದು ಸ್ವಲ್ಪ ಊಹಿಸಬಲ್ಲ ಎಂಬುದನ್ನು ಅವರು ಕೊರತೆಯಾಗಿ ಅಲ್ಲ, ಕಲಿಯುವ ಯಂತ್ರದ ಲಕ್ಷಣವಾಗಿಯೇ ಹೇಳುತ್ತಾರೆ. ಶೆರ್ಬೋರ್ನಿನ ಹಳೆಯ ವಿದ್ಯಾರ್ಥಿಗೆ ಆ ಮಾತು ಬರೆಯುವ ಅಧಿಕಾರ ಇತ್ತು.

ಕಣ್ಣು ಕಾಲುಗಳಿಲ್ಲದ ಯಂತ್ರಕ್ಕೆ ಕಲಿಸುವುದು ಹೇಗೆ ಎಂಬ ಸಂದೇಹಕ್ಕೆ ಅವರು ಕೊಟ್ಟ ನಿದರ್ಶನ ಹೆಲೆನ್ ಕೆಲ್ಲರ್. ಶಿಕ್ಷಕ ಮತ್ತು ವಿದ್ಯಾರ್ಥಿಯ ನಡುವೆ ಯಾವುದಾದರೂ ಒಂದು ಬಗೆಯಲ್ಲಿ ಎರಡೂ ಕಡೆಯಿಂದ ಮಾತು ಹರಿಯುವಂತಿದ್ದರೆ ಸಾಕು, ಶಿಕ್ಷಣ ಸಾಧ್ಯ ಎಂಬುದಕ್ಕೆ. ಎರಡೂ ಕಡೆಯಿಂದ ಎಂಬುದರ ಕೆಳಗೆ ಗೆರೆ ಎಳೆಯಿರಿ. ಅನ್ಯಗ್ರಹದವರ ಪ್ರಶ್ನೆಗೆ ತೊಡಕಾಗಿರುವುದೂ ಅದೇ. ಟ್ಯೂರಿಂಗ್ ತೀರಿಕೊಂಡ ಆರು ವರ್ಷಗಳ ಬಳಿಕ, 1960ರಲ್ಲಿ, ಗಣಿತ ಶಿಕ್ಷಣದಲ್ಲಿ ನಾವು ದಿನವೂ ಹೆಸರೆತ್ತುವ ಹಾನ್ಸ್ ಫ್ರಾಯ್ಡೆಂಥಾಲ್ ಅವರು ಲಿಂಕೋಸ್ ಎಂಬ ಭಾಷೆಯನ್ನು ರಚಿಸಿದರು, ಬೇರೆ ಲೋಕದ ಬುದ್ಧಿಜೀವಿಗಳಿಗೆ ರೇಡಿಯೋ ಮೂಲಕ ಕಳಿಸಲು. ಅದು ಶುರುವಾಗುವುದು ಒಂದು ಮಿಡಿತ, ಎರಡು ಮಿಡಿತ, ಮೂರು ಮಿಡಿತ ಎಂದು, ಒಂದನೇ ತರಗತಿಯ ಮಣಿಚೌಕಟ್ಟಿನ ಹಾಗೆಯೇ. ನಿಯಮ ಹೇಳುವುದಿಲ್ಲ, ಉದಾಹರಣೆಗಳನ್ನು ಕೊಡುತ್ತ ಹೋಗುತ್ತದೆ. ಆಮೇಲೆ ಸಮ, ಹೆಚ್ಚು, ಕಡಿಮೆ. 1974ರಲ್ಲಿ ಅರೆಸಿಬೊ ದೂರದರ್ಶಕದಿಂದ ಆಕಾಶಕ್ಕೆ ಕಳಿಸಿದ 1679 ಬಿಟ್‌ಗಳ ಸಂದೇಶವೂ ಒಂದರಿಂದ ಹತ್ತರವರೆಗಿನ ಎಣಿಕೆಯಿಂದಲೇ ಆರಂಭ. 1679 ಎಂಬುದು 23 ಮತ್ತು 73ರ ಗುಣಲಬ್ಧ, ಎರಡೂ ಅವಿಭಾಜ್ಯ, ಆದ್ದರಿಂದ ಚಿತ್ರವನ್ನು ಜೋಡಿಸಲು ಎರಡೇ ದಾರಿ. ಅವಿಭಾಜ್ಯ ಸಂಖ್ಯೆಗಳಿಂದ ಏನು ಪ್ರಯೋಜನ ಎಂದು ಕೇಳುವ ಮಗುವಿಗೆ ಇದನ್ನು ಬಿಡಿಸಲು ಕೊಡಿ. ಆದರೆ ಇವೆಲ್ಲ ಒಂದೇ ಕಡೆಯ ಮಾತು. ಉತ್ತರ ಬರದ ಪಾಠವನ್ನು ಬೋಧನೆ ಎನ್ನಬಹುದೇ ಎಂದು ಸಿಬ್ಬಂದಿ ಕೊಠಡಿಯಲ್ಲಿ ನಾವು ಒಮ್ಮೆ ಜಗಳವಾಡಿದ್ದುಂಟು.

1951ರಲ್ಲಿ ಟ್ಯೂರಿಂಗ್ ರಾಯಲ್ ಸೊಸೈಟಿಯ ಫೆಲೋ ಆದರು. ಬಿಬಿಸಿ ರೇಡಿಯೋದಲ್ಲಿ ಯಂತ್ರಗಳ ಯೋಚನೆಯ ಬಗ್ಗೆ ಮಾತಾಡಿದರು. 1952ರ ಜನವರಿಯಲ್ಲಿ ಜೆಫರ್ಸನ್ ಅವರೊಡನೆಯೇ ಕುಳಿತು ಚರ್ಚಿಸಿದರು. ಅದೇ ವರ್ಷ ಪ್ರಾಣಿಗಳ ಮೈಮೇಲಿನ ಪಟ್ಟೆ ಚುಕ್ಕೆಗಳು ರಾಸಾಯನಿಕಗಳ ಹರಡುವಿಕೆಯಿಂದ ಹೇಗೆ ಮೂಡಬಹುದು ಎಂಬ ಲೇಖನ ಬಂತು, ಬಾಲ್ಯದ ಬ್ರೂಸ್ಟರ್ ಪುಸ್ತಕಕ್ಕೆ ಕೊಟ್ಟ ಉತ್ತರದಂತೆ.

ಅದೇ 1952ರಲ್ಲಿ ಅವರ ಬಂಧನವೂ ಆಯಿತು. ಮನೆಯಲ್ಲಿ ಕಳ್ಳತನವಾಗಿ ದೂರು ಕೊಡಲು ಹೋದಾಗ, ಇನ್ನೊಬ್ಬ ಗಂಡಸಿನೊಡನೆ ಸಂಬಂಧ ಇರುವುದನ್ನು ಅವರು ಮುಚ್ಚಿಡಲಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಅದು ಅಪರಾಧ. ಸೆರೆಮನೆಯೋ ಹಾರ್ಮೋನ್ ಚಿಕಿತ್ಸೆಯೋ ಎಂಬ ಆಯ್ಕೆಯಲ್ಲಿ ಚಿಕಿತ್ಸೆಗೆ ಒಪ್ಪಿದರು. ಒಂದು ವರ್ಷ ಮೈ ಅದರ ಪರಿಣಾಮ ಅನುಭವಿಸಿತು. ದೇಶದ ಗುಟ್ಟುಗಳನ್ನು ಕಾದವರಿಗೆ ಆ ಕೆಲಸದ ಬಾಗಿಲು ಮುಚ್ಚಿತು. 1954ರ ಜೂನ್ 7ರಂದು ತೀರಿಕೊಂಡರು. ಮರುದಿನ ಮನೆಗೆಲಸದಾಕೆ ಕಂಡಳು. ಸಯನೈಡ್. ಹಾಸಿಗೆಯ ಪಕ್ಕ ಅರ್ಧ ತಿಂದ ಸೇಬು, ಅದನ್ನು ಯಾರೂ ಪರೀಕ್ಷಿಸಲಿಲ್ಲ. ವಿಚಾರಣೆ ಆತ್ಮಹತ್ಯೆ ಎಂದಿತು. ಪ್ರಯೋಗ ಮಾಡುವಾಗಿನ ಅಜಾಗರೂಕತೆ ಎಂದೇ ತಾಯಿ ಕೊನೆಯವರೆಗೂ ನಂಬಿದ್ದರು. ಅವರಿಗೆ 41 ವರ್ಷ.

ಈ ಭಾಗವನ್ನು ಮಕ್ಕಳಿಗೆ ಹೇಳಬೇಕೇ ಎಂಬ ಬಗ್ಗೆ ನಮ್ಮ ಸಹೋದ್ಯೋಗಿಗಳಲ್ಲಿ ಭಿನ್ನಾಭಿಪ್ರಾಯ ಇದೆ. ಗಣಿತ ಹೇಳಿ, ಯುದ್ಧ ಹೇಳಿ, ಮುಂದೆ ಅಕಾಲ ಮರಣ ಎಂದು ಮುಗಿಸಿ ಎನ್ನುವವರು ಹೆಚ್ಚು. ಪೋಷಕರು ಪ್ರಶ್ನಿಸಿದರೆ ಹೊಸ ಶಿಕ್ಷಕಿಗೆ ಕಷ್ಟ ಎಂಬ ಅವರ ಆತಂಕ ಸುಳ್ಳಲ್ಲ. ಆದರೂ ನನ್ನ ನಿಲುವು ಬೇರೆ. ಒಂಬತ್ತನೇ ತರಗತಿಗೆ, ಎರಡೇ ವಾಕ್ಯದಲ್ಲಿ, ದನಿ ತಗ್ಗಿಸದೆ ಹೇಳಿ: ಅವರು ಗಂಡಸರನ್ನು ಪ್ರೀತಿಸುವವರಾಗಿದ್ದರು, ಅಂದಿನ ಕಾನೂನು ಅದಕ್ಕೆ ಶಿಕ್ಷೆ ಕೊಟ್ಟಿತು. ನಮ್ಮಲ್ಲಿಯೂ ಬ್ರಿಟಿಷರ ಕಾಲದ ದಂಡ ಸಂಹಿತೆಯ 377ನೇ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ ಹೊರಗಿಟ್ಟದ್ದು 2018ರ ಸೆಪ್ಟೆಂಬರಿನಲ್ಲಿ, ತೀರಾ ಈಚೆಗೆ. ಯಂತ್ರಕ್ಕೂ ಮನಸ್ಸಿರಬಹುದು ಎಂಬ ಮರ್ಯಾದೆ ತೋರಿಸಿದ ಮನುಷ್ಯನಿಗೆ ಆ ಮರ್ಯಾದೆ ಸಿಗಲಿಲ್ಲ ಎಂಬುದನ್ನು ಬಿಟ್ಟು ಅವರ ಕತೆ ಹೇಳಿದರೆ ಆ ಕತೆ ಕುಂಟುತ್ತದೆ. ಆತ್ಮಹತ್ಯೆಯ ವಿವರಕ್ಕೆ ಮಾತ್ರ ಹೋಗಬೇಡಿ; ಆ ವಯಸ್ಸಿನ ತರಗತಿಯಲ್ಲಿ ಯಾರ ಮನಸ್ಸಿನಲ್ಲಿ ಏನಿದೆಯೋ ನಮಗೆ ತಿಳಿಯದು. ತರಗತಿ ಮುಗಿದ ಮೇಲೆ ಯಾರಾದರೂ ಒಬ್ಬರೇ ಬಂದು ನಿಂತರೆ ಅವರಿಗೆ ಸಮಯ ಕೊಡಿ.

2009ರಲ್ಲಿ ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದರು. 2013ರ ಡಿಸೆಂಬರಿನಲ್ಲಿ ರಾಣಿಯ ಕ್ಷಮಾದಾನ ಬಂತು. 2021ರ ಜೂನ್ 23ರಂದು, ಅವರ ಹುಟ್ಟಿದ ದಿನವೇ, ಅವರ ಚಿತ್ರವಿರುವ 50 ಪೌಂಡಿನ ನೋಟು ಚಲಾವಣೆಗೆ ಬಂತು. ಆ ನೋಟಿನ ಮೇಲೆ ಕಾಗದದ ಪಟ್ಟಿಯ ಚಿತ್ರವೊಂದಿದೆ. ಅದರಲ್ಲಿ ಅವರ ಜನ್ಮದಿನವನ್ನು, ಅಂದರೆ 23061912 ಎಂಬ ಸಂಖ್ಯೆಯನ್ನು, ದ್ವಿಮಾನ ಪದ್ಧತಿಯಲ್ಲಿ ಮುದ್ರಿಸಿದ್ದಾರೆ. ಚಟುವಟಿಕೆಗೆ ಇದನ್ನೇ ಕೊಡಬಹುದು. ಎರಡರಿಂದ ಭಾಗಿಸುತ್ತ ಶೇಷಗಳನ್ನು ಬರೆದುಕೊಂಡು ಹೋಗಬೇಕು, ಕೊನೆಯ ಶೇಷದಿಂದ ಹಿಂದಕ್ಕೆ ಓದಬೇಕು. 25 ಅಂಕಿಗಳು ಬರುತ್ತವೆ: 1010111111110010110011000. ಒಂದು ಅವಧಿಯಲ್ಲಿ ಮುಗಿಯುತ್ತದೆ. ಚೌಕದ ಪುಸ್ತಕದಲ್ಲಿ ಮಾಡಿಸಿ, ಅಕ್ಷರ ಕೆಟ್ಟದಾಗಿದ್ದರೆ ಅಂಕ ಕಳೆಯಬೇಡಿ.